ನೀರು ಹಾಕದೆ ರಕ್ತ ಅಳೆದ ದಿನ

ಆ ದಿನ ಬೆಳಗಾವಿಯ ನಮ್ಮ ಲ್ಯಾಬ್‌ನಲ್ಲಿ ಮಾಡಬೇಕಿದ್ದ ಕೆಲಸ ಇಷ್ಟೇ. ಒಂದು ಹನಿ ರಕ್ತವನ್ನು ಚಿಪ್‌ಗೆ ಬಿಡುವುದು, ಅದರೊಳಗೆ ಹಸಿರು ಬೆಳಕು ಹಾಯಿಸುವುದು, ಆಚೆ ಎಷ್ಟು ಬೆಳಕು ಬಂತು ಅಂತ ನೋಡಿ ಹಿಮೋಗ್ಲೋಬಿನ್ ಲೆಕ್ಕ ಹಾಕುವುದು.

ಚಿಪ್ ಅಂದರೆ ಕಂಪ್ಯೂಟರಿನದಲ್ಲ. ಪಿಡಿಎಂಎಸ್ ಎಂಬ ತಿಳಿ ಸಿಲಿಕೋನ್ ರಬ್ಬರಿನ ತುಂಡು, ತಳಕ್ಕೆ ಗಾಜು, ನಡುವೆ 0.1 ಮಿಲಿಮೀಟರ್ ಆಳದ ಕಾಲುವೆ. ರಬ್ಬರಿನ ದ್ರವಕ್ಕೆ ಅದನ್ನು ಗಟ್ಟಿ ಮಾಡುವ ದ್ರವವನ್ನು 10ಕ್ಕೆ 1ರಂತೆ ಕಲಸಿ, ವ್ಯಾಕ್ಯೂಮ್‌ನಲ್ಲಿಟ್ಟು ಗುಳ್ಳೆ ಹೋಗಲಾಡಿಸಿ, ಅಚ್ಚಿಗೆ ಸುರಿದು ಹಿಂದಿನ ದಿನವೇ ಓವನ್‌ಗೆ ಇಟ್ಟಿದ್ದೆವು. ಬೆಳಿಗ್ಗೆ ಬಿಡಿಸಿ, ಪ್ಲಾಸ್ಮಾ (ರಕ್ತದ್ದಲ್ಲ, ವಿದ್ಯುತ್ತಿನಿಂದ ಅಯಾನುಗಳಾದ ಅನಿಲ) ಹಾಯಿಸಿ, ಗಾಜಿಗೆ ಅಂಟಿಸಿದೆವು. ಪ್ಲಾಸ್ಮಾ ತಾಗಿದ ಮೈ ನೀರನ್ನು ತಾನೇ ಎಳೆದುಕೊಳ್ಳುತ್ತದೆ. ಆದರೆ ಆ ಗುಣ ಬಹಳ ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ರಕ್ತ ಅವತ್ತೇ ಬಿಡಬೇಕಿತ್ತು.

ಅನುಮತಿ ಪಡೆದ ಸ್ಯಾಂಪಲ್‌ಗಳನ್ನು ತಂದವರು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ನಾವೆಲ್ಲ ಅಕ್ಕಾರ ಅಂತಲೇ ಕರೆಯುತ್ತೇವೆ. ನನ್ನ ಕೈಯಲ್ಲಿದ್ದ ಟ್ಯೂಬ್ ನೋಡಿ ಕೇಳಿದರು, "ಇದಕ್ಕ ನೀರು ಹಾಕೂದಿಲ್ಲೇನ್ರೀ ಸರ?"

ಅವರು ಹಾಗೆ ಕೇಳಿದ್ದು ಸಹಜ. ವರ್ಷಗಟ್ಟಲೆ ಸಾಹ್ಲಿ ವಿಧಾನದಲ್ಲಿ ಪರೀಕ್ಷೆ ಮಾಡಿದವರು. 0.02 ಮಿಲಿಲೀಟರ್ ರಕ್ತಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಿ, ಅದು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಪಕ್ಕದ ಗಾಜಿನ ಬಣ್ಣಕ್ಕೆ ಸರಿ ಹೊಂದುವವರೆಗೆ ಹನಿಹನಿಯಾಗಿ ನೀರು ಹಾಕಬೇಕು. ಸರಿ ಹೊಂದಿತೋ ಇಲ್ಲವೋ ಅಂತ ಹೇಳಬೇಕಾದ್ದು ಕಣ್ಣು. ಡ್ರಾಬ್‌ಕಿನ್ ಎಂಬ ಇನ್ನೊಂದು ವಿಧಾನದಲ್ಲೂ ಅಷ್ಟೇ ರಕ್ತವನ್ನು 5 ಮಿಲಿಲೀಟರ್ ದ್ರವಕ್ಕೆ ಬೆರೆಸುತ್ತಾರೆ, ಅಂದರೆ ಸುಮಾರು 250 ಪಟ್ಟು ತೆಳು. ಯಾಕೆಂದರೆ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಬಲವಾಗಿ ಹೀರುತ್ತದೆ. ಬೆಳಕು ಹಾಯಿಸಿ ಅಳೆಯಲು ಬಳಸುವ 1 ಸೆಂಟಿಮೀಟರ್ ಅಗಲದ ಪುಟ್ಟ ತಿಳಿ ಪಾತ್ರೆಗೆ (ಕ್ಯೂವೆಟ್) ರಕ್ತವನ್ನು ಹಾಗೇ ತುಂಬಿದರೆ ಆಚೆ ಕತ್ತಲೆಯೇ.

ನಮ್ಮ ಕಾಲುವೆಯಲ್ಲಿ ಬೆಳಕು ಸಾಗುವ ದಾರಿ ಅದಕ್ಕಿಂತ 100 ಪಟ್ಟು ಚಿಕ್ಕದು. ನೀರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆಳವೇ ಮಾಡುತ್ತದೆ! ಕೂದಲೆಳೆಯಂಥ ಕಾಲುವೆಗಳಲ್ಲಿ ದ್ರವ ಹರಿಸುವ ಈ ಮೈಕ್ರೋಫ್ಲೂಯಿಡಿಕ್ಸ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಹನಿ ಎಣಿಸುವಾಗ ಆಗುವ ಹೆಚ್ಚುಕಮ್ಮಿಗೆ ಇಲ್ಲಿ ಜಾಗವೇ ಇಲ್ಲ, ಅಲ್ವಾ?

ಒಂದು ತೊಡಕಿದೆ. ಕೆಂಪು ಕಣಗಳು ಬೆಳಕನ್ನು ಹೀರುವುದಷ್ಟೇ ಅಲ್ಲ, ಚದುರಿಸುತ್ತವೆ ಕೂಡ. ಅದಕ್ಕೆ ಸಸ್ಯಗಳಿಂದ ಸಿಗುವ, ಸೋಪಿನಂತೆ ನೊರೆ ಬರುವ ಸಪೋನಿನ್ ಪುಡಿ ಚಿಟಿಕೆ ಹಾಕಿ ಕಣಗಳನ್ನು ಒಡೆದೆವು. ಮಬ್ಬಾಗಿದ್ದ ರಕ್ತ ಸ್ವಲ್ಪ ಹೊತ್ತಿಗೆ ಕೋಕಂ ಶರಬತ್ತಿನ ಹಾಗೆ ತಿಳಿಯಾಯಿತು. ಕಾಲುವೆಯ ಬಾಯಿಗೆ ಹನಿ ಮುಟ್ಟಿಸಿದ್ದೇ ತಡ, ಪಂಪ್ ಇಲ್ಲದೆ ತಾನೇ ಒಳಗೆ ಹರಿದು ಕೊನೆ ಮುಟ್ಟಿತು.

ಮೇಲೆ ಹಸಿರು ಎಲ್‌ಇಡಿ, ಕೆಳಗೆ ಬೆಳಕು ಅಳೆಯುವ ಫೋಟೋಡಯೋಡ್. ಆಸ್ಪತ್ರೆಯ ಯಂತ್ರದಲ್ಲಿ ಹಿಮೋಗ್ಲೋಬಿನ್ 8ರ ಆಸುಪಾಸು ಬಂದಿದ್ದ ಸ್ಯಾಂಪಲ್ ಜಾಸ್ತಿ ಬೆಳಕು ಬಿಟ್ಟಿತು, 13ರದ್ದು ಕಡಿಮೆ. ಅದು ನಿರೀಕ್ಷಿಸಿದ್ದೇ. ನನಗೆ ಬೇಕಾಗಿದ್ದು ನಡುವಿನ ಎರಡು, 10.4 ಮತ್ತು 11.6. ಗರ್ಭಿಣಿಯರಿಗೆ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತಹೀನತೆ ಅಂತಾರೆ. ಆ ಗೆರೆಯ ಆಚೀಚೆ ಇರುವವರನ್ನು ಬರಿಗಣ್ಣಲ್ಲಿ ಬೇರೆ ಮಾಡುವುದು ಬಹಳ ಕಷ್ಟ. ಫೋಟೋಡಯೋಡ್ ಎರಡನ್ನೂ ಬೇರೆ ಬೇರೆಯಾಗಿಯೇ ತೋರಿಸಿತು.

ಅಕ್ಕಾರ ಪರದೆ ನೋಡಿ, "ಬ್ಯಾರೆ ಚಿಪ್‌ನಾಗ ಹಾಕಿದ್ರೂ ಹಿಂಗ ಬರ್ತದೇನ್ರೀ?" ಅಂದರು. ಇಡೀ ದಿನದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆಳದಲ್ಲಿ 0.005 ಮಿಲಿಮೀಟರ್ ಕಡಿಮೆಯಾದರೂ ಲೆಕ್ಕ ಶೇಕಡಾ 5ರಷ್ಟು ತಪ್ಪುತ್ತದೆ, 11 ಇದ್ದದ್ದು 10.5ರ ಹತ್ತಿರ ಬಂದುಬಿಡುತ್ತದೆ. ಮಾರನೇ ದಿನ ಅದೇ ಅಚ್ಚಿನ ಉಳಿದ ಚಿಪ್‌ಗಳನ್ನು ಅಡ್ಡಲಾಗಿ ಕೊಯ್ದು, ಮೈಕ್ರೋಸ್ಕೋಪ್ ಕೆಳಗೆ ಒಂದೊಂದರ ಆಳ ಅಳೆಯಲು ಕೂತೆವು.