600 ಗ್ರಾಂ ಗರಿ, ಒಂದು ಹಿಡಿ ಬೂದಿ

ಆ ಮಂಗಳವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲೇ ಗೊತ್ತಾಗುತ್ತಿತ್ತು, ನಾಳೆ ಬೂದಿ ಬುಧವಾರ ಅಂತ. ಎಷ್ಟೋ ಮಕ್ಕಳ ಕೈಯಲ್ಲಿ ಒಣಗಿದ ತಾಳೆಗರಿ. ಕೆಲವರು ಪುಸ್ತಕದ ನಡುವೆ ಇಟ್ಟು ತಂದಿದ್ದರು. ಕೆಲವರದು ಬ್ಯಾಗಿನಲ್ಲೇ ಪುಡಿಯಾಗಿತ್ತು. ಒಬ್ಬ ಹುಡುಗಿ ಶಿಲುಬೆಯ ಆಕಾರದಲ್ಲಿ ಹೆಣೆದ ಗರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚೆಲ್ಲಿ ಹೋಗುವ ಹಾಲು ಹಿಡಿದವಳ ಹಾಗೆ ನಿಧಾನವಾಗಿ ನಡೆದು ಬಂದಳು.

ಹಿಂದಿನ ವರ್ಷ ಗರಿಗಳ ಭಾನುವಾರ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಒಂದು ವಾರ ಮುಂಚಿನ ಭಾನುವಾರ, ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಗರಿಗಳಿವು. ವರ್ಷವಿಡೀ ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿ ಇಟ್ಟಿರುತ್ತಾರೆ. ಅವನ್ನೇ ಸುಟ್ಟು, ಆ ಬೂದಿಯನ್ನು ಬೂದಿ ಬುಧವಾರ ಹಣೆಗೆ ಹಚ್ಚುತ್ತಾರೆ. ಅಲ್ಲಿಂದ ಪಾಸ್ಕ ಹಬ್ಬದವರೆಗೆ ಉಪವಾಸ, ಪ್ರಾರ್ಥನೆಯ ತಪಸ್ಸು ಕಾಲ.

ನಮ್ಮ ಶಾಲೆಯಲ್ಲಿ ಗರಿ ಸುಡುವ ಕೆಲಸ ಐದನೆಯ ತರಗತಿಯವರದು. ನಾನು ಅವರ ಟೀಚರ್. ಒಂದನೆಯ ತರಗತಿಯವರು ನೋಡಲು ಬರುತ್ತಾರೆ, ತಮ್ಮ ತಮ್ಮ ಜೊತೆಗಾರರ ಕೈ ಹಿಡಿದುಕೊಂಡು. ವರ್ಷದ ಶುರುವಿನಲ್ಲೇ ಪ್ರತಿ ಪುಟ್ಟ ಮಗುವಿಗೂ ಐದನೆಯ ತರಗತಿಯಿಂದ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಜೊತೆ ಮಾಡುತ್ತೇವೆ. ಚರ್ಚಿನ ಬಲಿಪೂಜೆಯ (ಮಾಸ್) ದಿನ ಇಬ್ಬರೂ ಪಕ್ಕಪಕ್ಕ ಕೂರುತ್ತಾರೆ. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಅಂತ ಪುಟ್ಟ ಮಗು ಪಕ್ಕದವರನ್ನು ನೋಡಿಯೇ ಕಲಿಯುತ್ತದೆ. ಬೇರೆ ಧರ್ಮದ ಮಕ್ಕಳೂ ನಮ್ಮಲ್ಲಿದ್ದಾರೆ. ಅವರು ಸುಮ್ನೆ ಕೂತು ನೋಡಬಹುದು, ಬಲವಂತವಿಲ್ಲ. ಆದರೆ ಜೊತೆಗಾರ ಅವರಿಗೂ ಇರುತ್ತಾನೆ.

ಮಕ್ಕಳ ಕೈಗೇ ಶಾಲೆಯ ಕೆಲಸ ಕೊಡುವುದು ಹೊಸದೇನಲ್ಲ. ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಫ್ರಾನ್ಸಿನಲ್ಲಿ ಬಡ ಮಕ್ಕಳಿಗಾಗಿ ಶಾಲೆ ಕಟ್ಟಿದವರು. 1651ರಲ್ಲಿ ಹುಟ್ಟಿ 1719ರಲ್ಲಿ ತೀರಿಕೊಂಡರು. ಅವರ ಶಾಲೆಗಳಲ್ಲಿ ಗಂಟೆ ಹೊಡೆಯಲು ಒಬ್ಬ ಹುಡುಗ, ಪ್ರಾರ್ಥನೆ ಹೇಳಿಸಲು ಒಬ್ಬ, ಕಾಗದ ಹಂಚಲು ಒಬ್ಬ, ಬೀಗದ ಕೈಗೆ ಒಬ್ಬ ಇರುತ್ತಿದ್ದ. ಲ್ಯಾಟಿನ್ ಬದಲು ಮಕ್ಕಳಿಗೆ ಗೊತ್ತಿರುವ ಫ್ರೆಂಚಿನಲ್ಲೇ ಓದು ಕಲಿಸಿದ್ದೂ ಅಲ್ಲೇ. 1950ರಲ್ಲಿ ಅವರನ್ನು ಶಿಕ್ಷಕರ ಪಾಲಕ ಸಂತ ಎಂದು ಸಾರಲಾಯಿತು. ನನಗೆ ಅವರಲ್ಲಿ ಜಾಸ್ತಿ ಇಷ್ಟವಾದದ್ದು ಆ ಬೀಗದ ಕೈ. ಮಗುವನ್ನು ನಂಬದೆ ಯಾರೂ ಅದನ್ನು ಕೊಡುವುದಿಲ್ಲ, ಅಲ್ವಾ?

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಾತೇ ಆಡುತ್ತಿರಲಿಲ್ಲ. ಓದು ಅಂದರೆ ಪುಸ್ತಕದ ಮೇಲೆ ತಲೆ ಬಗ್ಗಿಸುತ್ತಿದ್ದ, ದನಿ ಬರುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಕಿವಿ ಕೆಂಪಗಾಗುತ್ತಿತ್ತು. ಅವನಿಗೆ ಏನೂ ಬರುವುದಿಲ್ಲ ಅಂತ ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೆ. ಅದೂ ಹೇಳಿದ ಹಾಗೇ. ಜೊತೆ ಮಾಡುವಾಗ ಅವನಿಗೊಂದು ಮೆತ್ತಗಿನ ಮಗುವನ್ನು ಕೊಡೋಣ ಅಂದುಕೊಂಡಿದ್ದೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಪಟ್ಟಿ ನೋಡಿ, ಪೆನ್ನಿನಿಂದ ಹೊಡೆದು ಹಾಕಿ, ಇಡೀ ಒಂದನೆಯ ತರಗತಿಯಲ್ಲೇ ಹೆಚ್ಚು ಮಾತಾಡುವ ಹುಡುಗಿಯ ಹೆಸರು ಬರೆದರು. "ಇರಲಿ, ನೋಡೋಣ" ಅಂದರು ಅಷ್ಟೇ.

ಗರಿಗಳನ್ನು ಚಿಕ್ಕದಾಗಿ ಕತ್ತರಿಸಿ ಗುಡ್ಡೆ ಹಾಕಿದೆವು. ಸುಡುವ ಮುಂಚೆ ತೂಗೋಣ ಅಂತ ನಾನೇ ವಿಜ್ಞಾನದ ಕೋಣೆಯಿಂದ ತಕ್ಕಡಿ ತರಿಸಿದ್ದೆ. 600 ಗ್ರಾಂ ಬಂತು. ಅಂಗಳದ ನಡುವೆ ಹಳೆಯ ಕಬ್ಬಿಣದ ಬಾಣಲೆ. ಮಕ್ಕಳೆಲ್ಲ ದೂರದಲ್ಲಿ ಸುತ್ತ ನಿಂತರು. ಪ್ರಾರ್ಥನೆ ಆಯಿತು. ಫಾದರ್ ಬೆಂಕಿ ಹಚ್ಚಿದರು. ಒಣಗಿದ ಗರಿ ಚಟಪಟ ಅಂತ ಒಮ್ಮೆಲೇ ಹೊತ್ತಿಕೊಂಡಿತು. ಸರಿಯಾಗಿ ಒಣಗದ ಒಂದೆರಡು ಮಾತ್ರ ಬಿಳಿ ಹೊಗೆ ಬಿಡುತ್ತಾ ಉಳಿದವು.

ಹೆಣೆದ ಶಿಲುಬೆ ತಂದ ಹುಡುಗಿ ಅದನ್ನು ಕೊಡಲು ಕೊನೆಯವರೆಗೂ ಒಪ್ಪಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಅದು ಮನೆಗೇ ವಾಪಸ್ ಹೋಯಿತು.

ಬೂದಿ ಆರುವ ತನಕ ಕಾಯಬೇಕಿತ್ತು. ವರಾಂಡದಲ್ಲಿ ದೊಡ್ಡ ಕ್ಯಾಲೆಂಡರ್ ತೂಗುಹಾಕಿತ್ತು. ಆ ಮಾತುಗಾತಿ ಬೆರಳಿಟ್ಟು ಒಂದೊಂದೇ ದಿನ ಎಣಿಸಿದಳು. ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ಶನಿವಾರದವರೆಗೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ಸುಳ್ಳು! ತಪಸ್ಸು ಕಾಲ 40 ದಿನ ಅಂದ್ರಲ್ಲ, 46 ಇದೆ!"

ನಾನು ಉತ್ತರ ಹೇಳಲು ಹೊರಟೆ. ಅಷ್ಟರಲ್ಲಿ ಹುಡುಗ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಭಾನುವಾರ ಎಷ್ಟು ಬರುತ್ತೆ, ಎಣಿಸು."

"ಒಂದು, ಎರಡು... ಆರು."

"ಭಾನುವಾರ ಉಪವಾಸ ಇಲ್ಲ. ಯೇಸು ಎದ್ದು ಬಂದ ದಿನ ಅದು. ಆರು ತೆಗೆದುಬಿಡು."

ಅವಳು ಬೆರಳು ಮಡಿಚಿದಳು. ತುಟಿ ಅಲ್ಲಾಡಿತು. "ನಲವತ್ತು!" ಅಂತ ಕುಣಿದಳು. ಅವನು ನಕ್ಕ. ಅವನ ದನಿ ಇಷ್ಟು ಸ್ಪಷ್ಟವಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಕಂಬದ ಹಿಂದೆ ಸರಿದು ನಿಂತೆ. ನನ್ನನ್ನು ನೋಡಿದರೆ ಮತ್ತೆ ಸುಮ್ಮನಾಗಿಬಿಡುತ್ತಾನೆ ಅನ್ನಿಸಿತು.

ಅವಳು ಬಿಡಲಿಲ್ಲ. ಕ್ರಿಸ್‌ಮಸ್ ಯಾವಾಗಲೂ ಡಿಸೆಂಬರ್ 25ಕ್ಕೇ ಬರುತ್ತೆ, ಪಾಸ್ಕ ಯಾಕೆ ಓಡಾಡುತ್ತೆ? ಅದಕ್ಕೆ ಅವನ ಹತ್ತಿರ ಉತ್ತರವಿರಲಿಲ್ಲ. "ನಂಗೊತ್ತಿಲ್ಲ, ಸಿಸ್ಟರ್‌ನ ಕೇಳೋಣ ಬಾ" ಅಂದ. ಇಬ್ಬರೂ ಓಡಿದರು. ಸಿಸ್ಟರ್ ಅವರಿಗೆ ಹುಣ್ಣಿಮೆಯ ಲೆಕ್ಕ ಹೇಳಿದರು. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ ಪಾಸ್ಕ. ಹಾಗಾಗಿ ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಪುಟ್ಟ ಹುಡುಗಿಗೆ ಎಷ್ಟು ತಲೆಗೆ ಹೋಯಿತೋ ಗೊತ್ತಿಲ್ಲ. ಅವನಿಗೆ ಹೋಯಿತು. ವಾಪಸ್ ಬಂದು ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಹುಡುಕುತ್ತಾ ನಿಂತಿದ್ದ.

ಬೂದಿ ಆರಿತು. ಜರಡಿ ಹಿಡಿದು ತೂಗಿದೆವು. 40 ಗ್ರಾಂ ಆಸುಪಾಸು, ಒಂದು ಹಿಡಿ. ಮಕ್ಕಳು ನಂಬಲಿಲ್ಲ. ತಕ್ಕಡಿ ಕೆಟ್ಟಿದೆ ಅಂದರು. ಮತ್ತೆ ತೂಗಿದೆವು. ಅಷ್ಟೇ.

"ಉಳಿದದ್ದು ಎಲ್ಲಿ ಹೋಯ್ತು ಅಣ್ಣ?"

"ಹೊಗೆಯಾಗಿ ಹೋಯ್ತು. ಗಾಳಿಗೆ."

"ಇದು ಯಾಕೆ ಹೋಗ್ಲಿಲ್ಲ?"

ಅವನು ಯೋಚಿಸಿದ. ಬೂದಿಯನ್ನು ಬೆರಳಲ್ಲಿ ಉಜ್ಜಿದ. "ನಮ್ಮಜ್ಜಿ ಬೂದಿನ ಗಿಡದ ಬುಡಕ್ಕೆ ಹಾಕ್ತಾರೆ. ಇದು ಮಣ್ಣಿನದೇ ಇರಬೇಕು" ಅಂದ.

ಎಷ್ಟು ಸರಿ! ಎಲೆಯ ಬಹುಭಾಗ ಗಾಳಿ ಮತ್ತು ನೀರಿನಿಂದ ಆದದ್ದು. ಉರಿದಾಗ ಅದು ಇಂಗಾಲದ ಡೈಆಕ್ಸೈಡ್ ಆಗಿ, ಹಬೆಯಾಗಿ ಗಾಳಿಗೇ ಮರಳುತ್ತದೆ. ಕೊನೆಗೆ ಉಳಿಯುವುದು ಬೇರು ಮಣ್ಣಿನಿಂದ ಹೀರಿಕೊಂಡ ಸುಣ್ಣ, ಪೊಟ್ಯಾಷಿಯಂ ಥರದ ಖನಿಜ. ನೀನು ಮಣ್ಣು, ಮಣ್ಣಿಗೇ ಮರಳುತ್ತೀಯ ಎಂಬ ಮಾತನ್ನು ಬೂದಿ ಹಚ್ಚುವಾಗ ಚಿಕ್ಕಂದಿನಿಂದ ಕೇಳಿದ್ದೇನೆ. ಹೆದರಿಸುವ ಮಾತು ಅಂತಲೇ ತಿಳಿದಿದ್ದೆ. ಬೂದಿ ನಿಜವಾಗಿ ಮಣ್ಣೇ ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ವಿಜ್ಞಾನವನ್ನೂ ನಾನೇ ಕಲಿಸುತ್ತೇನೆ, ಧರ್ಮೋಪದೇಶದ ಪೀರಿಯಡ್ ಕೂಡ ನನ್ನದೇ. ಎರಡನ್ನೂ ಅವತ್ತು ಒಟ್ಟು ಮಾಡಿದವನು ಆ ಹುಡುಗ.

ಮರುದಿನ ಬೂದಿ ಹಚ್ಚುವ ಸಾಲಿನಲ್ಲಿ ಅವಳು ಅವನ ಮುಂದೆ ನಿಂತಿದ್ದಳು. ಹಚ್ಚಿಸಿಕೊಂಡು ತಿರುಗಿ, "ಬಂತಾ?" ಅಂತ ಹಣೆ ತೋರಿಸಿದಳು. ಅವನು ತಲೆಯಾಡಿಸಿದ. ಆಮೇಲೆ ತರಗತಿಯಲ್ಲಿ ಈ 40 ದಿನ ಏನು ಮಾಡುತ್ತೀರಿ ಅಂತ ಕೇಳಿದೆ. ಉಪವಾಸದ ಕಟ್ಟಳೆ 18 ತುಂಬಿದವರಿಗೆ ಮಾತ್ರ, ಮಕ್ಕಳಿಗಿಲ್ಲ. ಆದರೂ ಎಲ್ಲರೂ ಏನಾದರೊಂದು ಆರಿಸಿಕೊಳ್ಳುತ್ತಾರೆ. ಅವನ ಸರದಿ ಬಂದಾಗ ಹಿಂದಿನ ಹಾಗೆ ದಾಟಿ ಹೋಗಲಿಲ್ಲ. ಕಾದೆ. ತುಂಬಾ ಹೊತ್ತು ಕಾದೆ. ಕಿವಿ ಕೆಂಪಾಯಿತು. "ಅವಳಿಗೆ ದಿನಾ ಒಂದು ಪುಟ ಓದಿ ಹೇಳ್ತೀನಿ ಮಿಸ್" ಅಂದ.

ಹಚ್ಚದೆ ಉಳಿದ ಬೂದಿಯನ್ನು ಎಸೆಯುವ ಹಾಗಿಲ್ಲ, ಮಣ್ಣಿಗೇ ಸೇರಿಸಬೇಕು. ಸಂಜೆ ಸಿಸ್ಟರ್ ಆ ಬಟ್ಟಲನ್ನು ಇವರಿಬ್ಬರ ಕೈಗೇ ಕೊಟ್ಟರು. ಗೇಟಿನ ಪಕ್ಕದ ಗಿಡದ ಬುಡದಲ್ಲಿ ಅವನು ಮಣ್ಣು ಸಡಿಲ ಮಾಡಿದ, ಅವಳು ಬಟ್ಟಲು ಬಗ್ಗಿಸಿದಳು.

"ನೀರು ಹಾಕಬೇಕಲ್ವಾ ಅಣ್ಣ?"

"ಹೌದು, ಇರು" ಅಂತ ಅವನು ನಲ್ಲಿಯ ಕಡೆ ಓಡಿದ.