ಒಂದರೊಳಗೊಂದು ಕಚ್ಚಿಕೊಂಡ ದೊಡ್ಡ ಪಾತ್ರೆಗಳನ್ನು ಬಿಡಿಸುವ ಬಗೆ

ಮನೆಯಲ್ಲಿಯೇ ಕೊಂಬುಚಾ, ಅಂದರೆ ಸಕ್ಕರೆ ಹಾಕಿದ ಚಹಾವನ್ನು ಹುದುಗಿಸಿ ಮಾಡುವ ಹುಳಿ ಪಾನೀಯ, ತಯಾರಿಸುವವರಿಗೆ ಚಹಾ ಕುದಿಸಲು ಒಂದೆರಡು ದೊಡ್ಡ ಸ್ಟಾಕ್‌ಪಾಟ್‌ಗಳು (ಎರಡು ಹಿಡಿಯ ಆಳವಾದ ಪಾತ್ರೆಗಳು) ಬೇಕೇ ಬೇಕು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಂತಹ ಮನೆಗಳಲ್ಲಿ ಅವುಗಳನ್ನು ಅಕ್ಕಪಕ್ಕ ಇಡುವಷ್ಟು ಜಾಗ ಇರುವುದಿಲ್ಲವಾದ್ದರಿಂದ ಒಂದನ್ನು ಇನ್ನೊಂದರೊಳಗೆ ಇಳಿಸಿ ಅಟ್ಟಕ್ಕೇರಿಸುವುದು ವಾಡಿಕೆ. ಮುಂದಿನ ಸಲ ಕೆಳಗಿಳಿಸಿದಾಗ ಎರಡೂ ಒಂದೇ ಪಾತ್ರೆಯಂತೆ ಬೆಸೆದುಕೊಂಡಿರುತ್ತವೆ. ಎಷ್ಟು ಎಳೆದರೂ ಬರುವುದಿಲ್ಲ. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಬಳಸುವುದೂ ಇದೇ ಬಗೆಯ ಪಾತ್ರೆಗಳನ್ನೇ, ಅವರ ತೊಡಕೂ ಇದೇ. ಅಮೆರಿಕದಲ್ಲಿ 1978ರಲ್ಲಿ ಒಕ್ಕೂಟ ಸರ್ಕಾರವೇ ಆ ಹವ್ಯಾಸಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ಮಾಡುವಂತಿಲ್ಲವಾದ್ದರಿಂದ ನನ್ನ ಕುದಿಸುವಿಕೆಯೆಲ್ಲ ಚಹಾ ಮತ್ತು ಸಕ್ಕರೆಗೇ ಸೀಮಿತವಾಗಿದೆ.

ಪಾತ್ರೆಗಳು ಸಿಕ್ಕಿಕೊಂಡಾಗ ಒಬ್ಬರು ಹೊರಗಿನದನ್ನು ಹಿಡಿದು ಮತ್ತೊಬ್ಬರು ಒಳಗಿನದನ್ನು ಜಗ್ಗುವುದೇ ಎಲ್ಲರೂ ಮೊದಲು ಮಾಡುವ ಕೆಲಸ. ಆದರೆ ಅವುಗಳನ್ನು ಹಿಡಿದಿಟ್ಟಿರುವುದು ಗಾಳಿಯ ಒತ್ತಡವೋ, ಲೋಹದ ಬಿಗಿತವೋ, ಸುಣ್ಣದ ಪದರವೋ ಅಥವಾ ಎಲ್ಲೋ ಬಿದ್ದ ಒಂದು ತಗ್ಗೋ ಎಂಬುದು ತಿಳಿಯದ ಹೊರತು ಎಳೆದು ಪ್ರಯೋಜನವಿಲ್ಲ, ಏಕೆಂದರೆ ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಕಾರಣವನ್ನು ಪತ್ತೆಮಾಡಲು ಒಳಗಿನ ಪಾತ್ರೆಯನ್ನು ಮೇಲಕ್ಕೆತ್ತದೆ, ಹಿಡಿಗಳನ್ನು ಹಿಡಿದು ಬಲಕ್ಕೂ ಎಡಕ್ಕೂ ತಿರುಗಿಸಿ ನೋಡಬೇಕು. ಅದು ಸಲೀಸಾಗಿ ತಿರುಗುತ್ತದೆ, ಆದರೆ ಮೇಲಕ್ಕೆ ಬರುವುದಿಲ್ಲ ಎಂದಾದರೆ ಹಿಡಿದಿರುವುದು ಗಾಳಿಯ ಒತ್ತಡ. ತಿರುಗುವುದೇ ಇಲ್ಲವೆಂದಾದರೆ ಗೋಡೆಗೆ ಗೋಡೆ ಕಚ್ಚಿಕೊಂಡಿದೆ, ಇಲ್ಲವೇ ನಡುವೆ ಏನೋ ಗಟ್ಟಿಯಾಗಿದೆ. ಸ್ವಲ್ಪ ತಿರುಗಿ ಪ್ರತಿಸಲವೂ ಒಂದೇ ಜಾಗದಲ್ಲಿ ತಡೆದು ನಿಲ್ಲುತ್ತದೆ ಎಂದಾದರೆ ಅಲ್ಲೊಂದು ತಗ್ಗಿದೆ ಅಥವಾ ಹಿಡಿಯನ್ನು ಪಾತ್ರೆಗೆ ಬಿಗಿದಿರುವ ಗುಬ್ಬಿ ಮೊಳೆ, ಅಂದರೆ ರಿವೆಟ್, ಅಡ್ಡ ಬರುತ್ತಿದೆ.

ಗಾಳಿಯ ಒತ್ತಡ ಇಷ್ಟು ಬಲವಾಗಿ ಹಿಡಿದೀತೆಂದು ನಂಬದವರಿಗಾಗಿ ಒಂದು ಲೆಕ್ಕ ಹೇಳುತ್ತೇನೆ. ಬಿಸಿನೀರಿನಲ್ಲಿ ತೊಳೆದ ಪಾತ್ರೆಗಳನ್ನು ಒರೆಸದೆ ಒಂದರೊಳಗೊಂದು ಇಟ್ಟಾಗ, ತಳಗಳ ನಡುವೆ ಬಿಸಿಗಾಳಿ ಸಿಕ್ಕಿಬೀಳುತ್ತದೆ ಮತ್ತು ಅಂಚಿನ ಕಿರಿದಾದ ಸಂದಿನಲ್ಲಿ ನಿಂತ ನೀರಿನ ಪೊರೆ ಅದಕ್ಕೆ ಬಿರಡೆ ಹಾಕಿಬಿಡುತ್ತದೆ. ಆ ಗಾಳಿ 60 ಡಿಗ್ರಿ ಸೆಲ್ಸಿಯಸ್‌ನಿಂದ 27 ಡಿಗ್ರಿಗೆ ತಣಿದರೆ ಅದರ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ಅದರಲ್ಲಿದ್ದ ಆವಿ ನೀರಾದಾಗ ಇನ್ನಷ್ಟು ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರನ್ನು ಒಂದು ಕಿಲೋಗ್ರಾಂ ತೂಕಕ್ಕೆ ತುಸು ಕಡಿಮೆಯಾಗಿ ಒತ್ತುತ್ತದೆ. 36 ಸೆಂಟಿಮೀಟರ್ ವ್ಯಾಸದ ತಳದ ವಿಸ್ತೀರ್ಣ ಸಾವಿರ ಚದರ ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು. ಇದರ ಹತ್ತರಲ್ಲಿ ಒಂದು ಪಾಲೆಂದರೂ ಸುಮಾರು 95 ಕಿಲೋಗ್ರಾಂ, ಅಂದರೆ ಅಕ್ಕಿಯ ಮೂಟೆಯೊಂದು ಒಳಗಿನ ಪಾತ್ರೆಯಲ್ಲಿ ಕುಳಿತಂತೆ. ಪೊರೆಯ ಮೂಲಕ ಗಾಳಿ ನುಸುಳಿ ಈ ಭಾರ ವಾಸ್ತವದಲ್ಲಿ ಕಡಿಮೆಯಾಗಬಹುದು. ಆದರೆ ನಾವು ಪಾತ್ರೆಯನ್ನು ಎತ್ತಿದಂತೆಲ್ಲ ತಳದ ನಡುವಿನ ಜಾಗ ಹಿಗ್ಗಿ ಒತ್ತಡ ಮತ್ತೆ ಇಳಿಯುತ್ತದೆ. ಹೀಗಾಗಿ ಜೋರಾಗಿ ಜಗ್ಗಿದಷ್ಟೂ ಅದು ಒಳಗೇ ಹೀರಿಕೊಳ್ಳುತ್ತದೆ.

ಇದಕ್ಕೆ ಬಲವೇನೂ ಬೇಕಾಗಿಲ್ಲ, ಗಾಳಿಗೆ ಒಂದು ದಾರಿ ಬೇಕು. ಹಳೆಯ ಎಕ್ಸ್‌ರೇ ಫಿಲ್ಮನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ ಅಂಚಿನ ಸಂದಿನಲ್ಲಿ ನಿಧಾನವಾಗಿ ಕೆಳಕ್ಕೆ ತಳ್ಳಿದರೆ ನೀರಿನ ಪೊರೆ ಒಡೆಯುತ್ತದೆ. ಸಣ್ಣದೊಂದು ಸುಯ್ಯೆಂಬ ಸದ್ದಿನೊಂದಿಗೆ ಗಾಳಿ ಒಳಗೆ ಹೋಗುವುದು ಎಷ್ಟೋ ಸಲ ಕಿವಿಗೇ ಕೇಳುತ್ತದೆ. ಎರಡು ಪಟ್ಟಿಗಳನ್ನು ಎದುರುಬದುರಾಗಿ ಇಳಿಸಿ, ಒಳಗಿನ ಪಾತ್ರೆಯನ್ನು ತಿರುಗಿಸುತ್ತ ನೇರವಾಗಿ ಎತ್ತಬೇಕು. ಅವಸರಪಟ್ಟರೆ ಮತ್ತೆ ಹೀರಿಕೊಳ್ಳುತ್ತದೆ. ಚಾಕುವನ್ನಾಗಲಿ ಸ್ಕ್ರೂಡ್ರೈವರನ್ನಾಗಲಿ ಸಂದಿಗೆ ತೂರಿಸಬಾರದು. ತೆಳು ತಗಡಿನ ಅಂಚು ಒಮ್ಮೆ ಮಡಿಸಿಕೊಂಡಿತೆಂದರೆ ಆಮೇಲೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ.

ತಿರುಗದೆ ಕಚ್ಚಿಕೊಂಡ ಪಾತ್ರೆಗಳ ವಿಷಯ ಬೇರೆ. ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡುವ ನನ್ನ ಷಡ್ಡಕ ನಮ್ಮ ಜೋಡಿಯನ್ನು ನೋಡಿದವನೇ, "ಇದು ಟೇಪರ್ ಹಿಡ್ಕೊಂಡಿರೋದು ಭಾವ, ಎಳೆದ್ರೆ ಬರೋದಿಲ್ಲ" ಎಂದ. ಟೇಪರ್ ಎಂದರೆ ಒಂದು ತುದಿಯ ಕಡೆಗೆ ಕ್ರಮೇಣ ಕಿರಿದಾಗುತ್ತ ಹೋಗುವ ಆಕಾರ. ಡ್ರಿಲ್ಲಿಂಗ್ ಯಂತ್ರದಲ್ಲಿ ಡ್ರಿಲ್ ಕೂರುವ ಮೋರ್ಸ್ ಟೇಪರ್‌ನ ಒಟ್ಟು ಇಳಿಜಾರು ಸುಮಾರು 3 ಡಿಗ್ರಿಯಷ್ಟೇ ಇದ್ದು, ಯಾವ ಸ್ಕ್ರೂವೂ ಇಲ್ಲದೆ ಬರೀ ಘರ್ಷಣೆಯಿಂದಲೇ ಅದು ಬಿಗಿಯಾಗಿ ನಿಲ್ಲುತ್ತದೆ. ಬಿಡಿಸಬೇಕಾದರೆ ಬೆಣೆ ಹಾಕಿ ತಟ್ಟಬೇಕು. ಬಾಯಿಯ ಕಡೆ ಕೊಂಚ ಅಗಲವಾಗುತ್ತ ಹೋಗುವ ಪಾತ್ರೆಗಳು ಒಂದೇ ಅಳತೆಯವಾಗಿದ್ದರೆ ಅಲ್ಲಿಯೂ ಇದೇ ನಡೆಯುತ್ತದೆ, ಮೇಲೆ ಮತ್ತೊಂದು ಭಾರ ಇಟ್ಟರಂತೂ ಹೇಳುವುದೇ ಬೇಡ. ಸಾಲದ್ದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ತನ್ನದೇ ಜಾತಿಯ ಲೋಹದ ಮೇಲೆ ಒತ್ತಿ ಉಜ್ಜಿದಾಗ ಮೇಲ್ಮೈ ಕಿತ್ತು ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವದ್ದು. ಆದ್ದರಿಂದ ಒಣಗಿದ ಜೋಡಿಯನ್ನು ಬಲವಾಗಿ ತಿರುಚುವುದು ಬಿಡಿಸುವ ದಾರಿಯಲ್ಲ.

ಇಲ್ಲಿ ನಿಜವಾಗಿ ಕೆಲಸ ಮಾಡುವುದು ಉಷ್ಣ. ಒಳಗಿನ ಪಾತ್ರೆಗೆ ಮಂಜುಗಡ್ಡೆಯನ್ನೂ ನೀರನ್ನೂ ತುಂಬಿ ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಇಡೀ ಜೋಡಿಯನ್ನು 60ರಿಂದ 65 ಡಿಗ್ರಿ ಬಿಸಿಯ ನೀರಿರುವ ಅಗಲವಾದ ಟಬ್ಬಿನಲ್ಲಿ ಇಳಿಸಬೇಕು. ಸ್ಟೇನ್‌ಲೆಸ್ ಸ್ಟೀಲ್ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 17 ಪಾಲು ಹಿಗ್ಗುತ್ತದೆ. 36 ಸೆಂಟಿಮೀಟರ್ ವ್ಯಾಸಕ್ಕೆ, ಒಳಗೂ ಹೊರಗೂ 60 ಡಿಗ್ರಿ ವ್ಯತ್ಯಾಸವಿದ್ದರೆ, ಸಿಗುವ ಸಡಿಲ ಸುಮಾರು 0.37 ಮಿಲಿಮೀಟರ್. ಕೇಳಲು ಏನೂ ಅಲ್ಲವೆನ್ನಿಸಿದರೂ ಕಚ್ಚಿಕೊಂಡ ಟೇಪರನ್ನು ಬಿಡಿಸಲು ಅಷ್ಟು ಧಾರಾಳ ಸಾಕು. ಆದರೆ ಗೋಡೆಗಳು ಒಂದಕ್ಕೊಂದು ತಗುಲಿಕೊಂಡಿರುವುದರಿಂದ ಹೊರಗಿನ ಬಿಸಿ ಬೇಗನೆ ಒಳಗಿನದಕ್ಕೂ ದಾಟುತ್ತದೆ. ಬಿಸಿನೀರಿಗೆ ಇಳಿಸಿದ ಮೊದಲ ಅರ್ಧ ನಿಮಿಷದೊಳಗೆ ಕೆಲಸ ಮುಗಿಯಬೇಕು. ತಡವಾದರೆ ಎರಡೂ ಒಟ್ಟಿಗೆ ಹಿಗ್ಗಿ ಮೊದಲಿನ ಸ್ಥಿತಿಯೇ ಉಳಿಯುತ್ತದೆ. ಅಲ್ಯುಮಿನಿಯಂ ಪಾತ್ರೆಗಳಲ್ಲಿ ಹಿಗ್ಗುವಿಕೆ ಇನ್ನೂ ಹೆಚ್ಚು, ಸುಮಾರು 23 ಪಾಲು. ಆದರೆ ಅದು ಸ್ಟೀಲಿಗಿಂತ ಹಲವು ಪಟ್ಟು ವೇಗವಾಗಿ ಶಾಖವನ್ನು ದಾಟಿಸುವುದರಿಂದ ಅಲ್ಲಿ ಸಿಗುವ ಸಮಯವೂ ಕಡಿಮೆ. ಒಬ್ಬರು ದಪ್ಪ ಕೈಗವಸು ಹಾಕಿಕೊಂಡು ಹೊರಗಿನ ಹಿಡಿಗಳನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗಿನದನ್ನು ಓರೆಯಾಗದಂತೆ ನೇರವಾಗಿ ಎತ್ತಬೇಕು.

ಎರಡು ಲೋಹಗಳು ಬೇರೆ ಬೇರೆಯಾಗಿದ್ದರೆ ಕೆಲಸ ಇನ್ನೂ ಸುಲಭವೆಂಬುದನ್ನು ಹಲವರು ಗಮನಿಸುವುದಿಲ್ಲ. ಹೊರಗೆ ಅಲ್ಯುಮಿನಿಯಂ, ಒಳಗೆ ಸ್ಟೀಲ್ ಇದ್ದರೆ ಜೋಡಿಯನ್ನು ಇಡಿಯಾಗಿ ಬಿಸಿನೀರಿನಲ್ಲಿ ಮುಳುಗಿಸಿಟ್ಟರೆ ಸಾಕು, ಹೊರಗಿನದೇ ಹೆಚ್ಚು ಹಿಗ್ಗುತ್ತದೆ. ಒಳಗೆ ಅಲ್ಯುಮಿನಿಯಂ, ಹೊರಗೆ ಸ್ಟೀಲ್ ಇದ್ದರೆ ಇಡಿಯಾಗಿ ತಣ್ಣಗೆ ಮಾಡಬೇಕು, ಒಳಗಿನದೇ ಹೆಚ್ಚು ಕುಗ್ಗುತ್ತದೆ. ಇಲ್ಲಿ ಅವಸರವೂ ಇಲ್ಲ. ನಮ್ಮ ಅತ್ತೆಯವರ ಕಾಲದ ಅಲ್ಯುಮಿನಿಯಂ ಡಬರಿಯೊಳಗೆ ಸ್ಟೀಲ್ ಪಾತ್ರೆ ಸಿಕ್ಕಿಕೊಂಡಾಗ ಬಚ್ಚಲಿನ ಬಿಸಿನೀರೇ ಅದನ್ನು ಬಿಡಿಸಿಕೊಟ್ಟಿತು.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂದಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡುವುದು ಒಳ್ಳೆಯದೇ, ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮೈಸೂರಿನ ಡಿಸೆಂಬರ್ ರಾತ್ರಿಯಲ್ಲಿ ಶೀಶೆಯಲ್ಲೇ ಹೆಪ್ಪುಗಟ್ಟುವ ಆ ಎಣ್ಣೆಯನ್ನು ಸಂದಿಗೆ ಬಿಟ್ಟು, ಮೇಲೆ ಮಂಜುಗಡ್ಡೆ ಹಾಕಿದರೆ ಜಾರಿಸಬೇಕಾದದ್ದು ಅಂಟಿಸಲು ತೊಡಗುತ್ತದೆ. ಕಡಲೆಕಾಯಿ ಎಣ್ಣೆ ಅಥವಾ ಪಾತ್ರೆ ತೊಳೆಯುವ ದ್ರವ ಸಾಬೂನು ವಾಸಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ನಾನು ಅಡುಗೆಯ ಪಾತ್ರೆಗಳ ಹತ್ತಿರಕ್ಕೂ ತರುವುದಿಲ್ಲ; ಅದರ ವಾಸನೆ ಸುಲಭವಾಗಿ ಹೋಗುವುದಿಲ್ಲ. ಮಂಜುಗಡ್ಡೆಗೆ ಉಪ್ಪು ಬೆರೆಸಿ ಇನ್ನೂ ತಣ್ಣಗೆ ಮಾಡುವ ಆಸೆ ಬಂದರೆ ಅದನ್ನೂ ಬಿಡಬೇಕು. ಸಂದಿನಲ್ಲಿ ನೀರು ಉಳಿದಿದ್ದರೆ ಅದು ಅಲ್ಲೇ ಹೆಪ್ಪುಗಟ್ಟಿ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗಿ ಜೋಡಿಯನ್ನು ಮತ್ತಷ್ಟು ಬಿಗಿಯುತ್ತದೆ. ಉಪ್ಪು ಉಳಿದುಕೊಂಡರೆ ಸ್ಟೀಲಿನ ಮೇಲೆ ಚುಕ್ಕೆಗುಳಿ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಸಿಕ್ಕಿಕೊಂಡ ಜೋಡಿಯನ್ನು ಯಾವ ಕಾರಣಕ್ಕೂ ಗ್ಯಾಸ್ ಒಲೆಯ ಮೇಲೆ ಇಡಬಾರದು. ತಳಗಳ ನಡುವೆ ಒಂದೆರಡು ಚಮಚ, ಅಂದರೆ 10 ಮಿಲಿಲೀಟರಿನಷ್ಟು ನೀರು ಉಳಿದಿದ್ದರೂ ಅದು ಪೂರ್ತಿ ಆವಿಯಾದರೆ ಸುಮಾರು 17 ಲೀಟರ್ ಜಾಗ ಬೇಡುತ್ತದೆ. ಅಷ್ಟು ಆವಿ ಹೊರಬರಲು ದಾರಿಯಿಲ್ಲದೆ ಒಳಗಿನ ಪಾತ್ರೆಯನ್ನು ಒಮ್ಮೆಲೆ ಚಿಮ್ಮಿಸಿದರೆ ಹತ್ತಿರ ನಿಂತವರ ಮುಖ ಕೈಗಳು ಬೇಯುತ್ತವೆ. ಒಲೆಯ ಮೇಲಿಟ್ಟು ಬಿಡಿಸಿದೆವೆಂದು ಹೇಳುವವರು ಇದ್ದಾರೆ. ಅವರ ಪಾತ್ರೆಗಳ ನಡುವೆ ನೀರಿರಲಿಲ್ಲ ಎಂದಷ್ಟೇ ಅದರ ಅರ್ಥ.

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಮೂರನೆಯ ಕಾರಣ ಸಾಮಾನ್ಯ. ಗಡಸು ನೀರು ಸಂದಿನಲ್ಲಿ ಒಣಗಿ ಒಣಗಿ ಬಿಳಿಯ ಸುಣ್ಣದ ಪದರವಾಗುತ್ತದೆ. ಎಣ್ಣೆಯಾಗಲಿ ಮಂಜುಗಡ್ಡೆಯಾಗಲಿ ಅದನ್ನು ಕರಗಿಸುವುದಿಲ್ಲ. ಅದಕ್ಕೆ ಹುಳಿಯೇ ಆಗಬೇಕು. ವಿನೆಗರನ್ನೋ ಸೋಸಿದ ಹುಣಸೆ ನೀರನ್ನೋ ಬೆಚ್ಚಗೆ ಮಾಡಿ ಸಂದಿನ ಸುತ್ತಲೂ ಬಿಟ್ಟು ಕೆಲವು ಗಂಟೆ ಕಾಯಬೇಕು, ನಡುನಡುವೆ ಹೊಸದಾಗಿ ಬಿಡಬೇಕು. ಕೊಂಬುಚಾ ಮಾಡುವವರಿಗೆ ಇಲ್ಲೊಂದು ಅನುಕೂಲವಿದೆ: ಭರಣಿಯಲ್ಲಿ ಮರೆತು ಕುಡಿಯಲಾಗದಷ್ಟು ಹುಳಿಯಾದ ಕೊಂಬುಚಾದಲ್ಲಿಯೂ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವೇ ಇರುವುದರಿಂದ ಅದನ್ನು ಚೆಲ್ಲದೆ ಈ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಅಲ್ಯುಮಿನಿಯಂ ಪಾತ್ರೆಯಾದರೆ ಹುಳಿಯನ್ನು ಹೆಚ್ಚು ಹೊತ್ತು ಬಿಡಬಾರದು, ಲೋಹವನ್ನೇ ಅದು ತಿನ್ನುತ್ತದೆ. ಕೊಂಬುಚಾವನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಹುದುಗಿಸಬಾರದೆನ್ನುವುದೂ ಇದೇ ಕಾರಣಕ್ಕೆ.

ತಗ್ಗು ಬಿದ್ದು ಸಿಕ್ಕಿಕೊಂಡಿದ್ದರೆ ಕಿವಿಯೇ ಪರೀಕ್ಷಕ. ಹೊರಗಿನ ಪಾತ್ರೆಯನ್ನು ಬೆರಳಗಂಟಿನಿಂದ ಸುತ್ತಲೂ ತಟ್ಟುತ್ತ ಹೋದರೆ ಬಿಡುವಿರುವ ಕಡೆ ಗಣಗಣ ಎನ್ನುತ್ತದೆ, ತಗುಲಿಕೊಂಡ ಕಡೆ ಸದ್ದು ಮಂದವಾಗುತ್ತದೆ. ಆ ಜಾಗವನ್ನು ಗುರುತು ಮಾಡಿಕೊಂಡು ಜೋಡಿಯನ್ನು ಬೋರಲಾಗಿ ತಿರುಗಿಸಿ, ಹೊರಗಿನ ಪಾತ್ರೆಯ ಹಿಡಿಗಳು ಮಾತ್ರ ಎರಡು ಸ್ಟೂಲುಗಳ ಮೇಲೆ ನಿಲ್ಲುವಂತೆಯೂ ಒಳಗಿನ ಪಾತ್ರೆ ಕೆಳಗಿನ ಹಾಸಿಗೆಯ ಮೇಲೆ ಬೀಳುವಂತೆಯೂ ಹೊಂದಿಸಬೇಕು. ಗುರುತಿನ ಪಕ್ಕದಲ್ಲಿ ಮರದ ಕೊಡತಿಯಿಂದ ಹಗುರವಾಗಿ ತಟ್ಟಿದರೆ ಅದರ ಭಾರವೇ ಅದನ್ನು ಇಳಿಸುತ್ತದೆ. ಕಬ್ಬಿಣದ ಸುತ್ತಿಗೆ ಬೇಡ. ಗುಂಡಗಿದ್ದ ಬಾಯಿ ಅದರ ಏಟಿಗೆ ಮೊಟ್ಟೆಯಾಕಾರವಾದರೆ ಜೋಡಿ ಇನ್ನೆಂದೂ ಸಲೀಸಾಗಿ ಬಿಡುವುದಿಲ್ಲ.

ಬಿಡಿಸಿದ ಮೇಲೆ ಒಳಗಿನ ಪಾತ್ರೆಯ ಹೊರಮೈಯನ್ನೂ ಹೊರಗಿನದರ ಒಳಮೈಯನ್ನೂ ಬೆಳಕಿನಲ್ಲಿ ನೋಡಬೇಕು. ಹೊರಮೈಯ ಗೀರುಗಳಿಂದ ತೊಂದರೆಯಿಲ್ಲ. ಒಳಮೈಯ ಆಳವಾದ ಗೀರುಗಳಲ್ಲಿ ಸಕ್ಕರೆ ಚಹಾದ ಜಿಗುಟು ಉಳಿಯುವುದರಿಂದ ಅಂಥದ್ದನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕಾಗುತ್ತದೆ. ಮದುವೆ ಮನೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ಶಾಮಿಯಾನ ಅಂಗಡಿಯವರನ್ನು ನೋಡಿದರೆ, ಅವರು ದೊಡ್ಡ ಪಾತ್ರೆಗಳ ನಡುವೆ ಗೋಣಿಯ ತುಂಡನ್ನೋ ಸೆಣಬಿನ ಹುರಿಯನ್ನೋ ಅಂಚಿನ ಮೇಲೆ ನೇತುಬೀಳುವಂತೆ ಇಟ್ಟಿರುತ್ತಾರೆ. ಗಾಳಿಗೂ ದಾರಿ, ಗೋಡೆಗೂ ಬಿಡುವು. ಮನೆಯಲ್ಲಿ ಹಳೆಯ ಕಾಟನ್ ಸೀರೆಯ ಪಟ್ಟಿ ಸಾಕು, ಪಾತ್ರೆ ಮಾತ್ರ ಪೂರ್ತಿ ಒಣಗಿರಬೇಕು.

ಹೊಸದು ಕೊಳ್ಳುವವರು ದೇವರಾಜ ಮಾರುಕಟ್ಟೆಗೆ ಹೋಗುವಾಗ ಒಂದು ಟೇಪು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ಒಂದೇ ತಯಾರಕರ ಸೆಟ್ಟಿನಲ್ಲಿ ವ್ಯಾಸಗಳು ಸಾಮಾನ್ಯವಾಗಿ 32, 34, 36 ಸೆಂಟಿಮೀಟರ್ ಎಂದು ಎರಡೆರಡು ಸೆಂಟಿಮೀಟರ್ ಏರುತ್ತ ಹೋಗುತ್ತವೆ. ಅಂಥವು ಸಿಕ್ಕಿಕೊಳ್ಳುವುದು ಅಪರೂಪ. ತೊಂದರೆ ಕೊಡುವುದು ಬೇರೆ ಬೇರೆ ಅಂಗಡಿಗಳಲ್ಲಿ ಬೇರೆ ಬೇರೆ ಕಾಲದಲ್ಲಿ ಕೊಂಡ, ಹೆಚ್ಚುಕಡಿಮೆ ಒಂದೇ ಅಳತೆಯ ಪಾತ್ರೆಗಳು. ಮನೆಯಲ್ಲಿರುವ ಪಾತ್ರೆಯ ಒಳವ್ಯಾಸವನ್ನು ಬರೆದುಕೊಂಡು ಹೋಗಿ, ಹೊಸದರ ಹೊರವ್ಯಾಸ ಅದಕ್ಕಿಂತ ಕನಿಷ್ಠ ಒಂದು ಸೆಂಟಿಮೀಟರ್ ಕಡಿಮೆಯಿದೆಯೇ ಎಂದು ಅಳೆಯಬೇಕು. ಹಿಡಿಗಳು ರಿವೆಟ್ಟಿನವೋ ವೆಲ್ಡಿಂಗಿನವೋ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು, ಏಕೆಂದರೆ ರಿವೆಟ್ಟಿನ ತಲೆ ಒಳಮೈಯಲ್ಲಿ ಎರಡು ಮೂರು ಮಿಲಿಮೀಟರ್ ಎದ್ದು ನಿಂತಿರುತ್ತದೆ ಮತ್ತು ಟೇಪಿನ ಅಳತೆಗೆ ಅದು ಸಿಗುವುದಿಲ್ಲ.