ಫೈಲ್ ಬಂತು ಸರಿ, ಪೂರ್ತಿ ಬಂತಾ?

ಶಿರಸಿಲಿ ಅಡಿಕೆ ವ್ಯಾಪಾರದ ಒಂದು ಸಂಘಕ್ಕೆ ನಾನು ಸರ್ವರ್ ನೋಡ್ಕೊಳ್ತೀನಿ. ಸಿದ್ದಾಪುರ, ಯಲ್ಲಾಪುರ ಶಾಖೆಯವ್ರು ಸಂಜೆ ಟೆಂಡರ್ ಮುಗಿದ್ಮೇಲೆ ಲಾಟ್ ಪಟ್ಟಿನ ಎಸ್‌ಎಫ್‌ಟಿಪಿಲಿ ಹಾಕ್ತಾರೆ (ನೆಟ್ಟಲ್ಲಿ ಫೈಲ್ ಕಳಿಸೋ ಒಂದು ದಾರಿ ಅದು), ಫೈಲ್ ಬಂದಿದ್ದು ಕಂಡ ಕೂಡ್ಲೆ ಸ್ಕ್ರಿಪ್ಟು, ಅಂದ್ರೆ ತಾನೇ ಓಡೋ ಸಣ್ಣ ಪ್ರೋಗ್ರಾಮು, ಅದನ್ನ ಓದಿ ರಾಶಿ, ಚಾಲಿ, ಬೆಟ್ಟೆ ಹೀಗೆ ಯಾವ ಬಗೆ ಅಡಿಕೆ ಯಾರದ್ದು ಎಷ್ಟಕ್ಕೆ ಹೋಯ್ತು ಅಂತ ಆಯಾ ರೈತರ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸ್ತದೆ. ನಾನು ಬರೋಕೂ ಮುಂಚಿಂದ ಓಡ್ತಾ ಇದ್ದ ಸ್ಕ್ರಿಪ್ಟು, ಅದರ ತಂಟೆಗೆ ಯಾರೂ ಹೋಗಿರ್ಲಿಲ್ಲ.

ಮಳೆ ಹಿಡಿಯೋ ಟೈಮು, ಗುಡುಗು ಬೇರೆ, ಒಬ್ರು ಫೋನ್ ಮಾಡಿ "ಎಂತದಾ ತಮಾ, ಚಾಲಿ ಕ್ವಿಂಟಲಿಗೆ 386 ರೂಪಾಯಿ ಅಡ?" ಅಂದ್ರು. ಪಟ್ಟಿಲಿ ಅವರ ನಂತರದವರಿಗೆ ಮೆಸೇಜೇ ಹೋಗಿಲ್ಲ.

ಯಲ್ಲಾಪುರದ ಫೈಲ್ ಸೈಜ್ ನೋಡಿದೆ, 98304 ಬೈಟು. ಅನುಮಾನ ಬಂದು 32768ರಿಂದ ಭಾಗಿಸಿದ್ರೆ ಕರೆಕ್ಟಾಗಿ ಮೂರು! ಎಸ್‌ಎಫ್‌ಟಿಪಿ ಕ್ಲೈಂಟು ಸಾಮಾನ್ಯವಾಗಿ 32 ಕೆಬಿ ತುಂಡು ಮಾಡ್ಕೊಂಡು ಕಳಿಸ್ತದೆ, ಮೂರು ತುಂಡು ಬಂದು ಅಲ್ಲಿಗೆ ಲೈನ್ ಕಟ್ಟು, ಆ ಪುಣ್ಯಾತ್ಮರ ದರದ ಕೊನೇ ಎರಡು ಅಂಕಿ ನಾಲ್ಕನೇ ತುಂಡಲ್ಲಿ ಕಾಡಲ್ಲೇ ಉಳ್ಕೊಂಡಿದೆ.

ನಮ್ಮ ಸರ್ವರ್ ಓಡೋ ಲಿನಕ್ಸಲ್ಲಿ 2005ರಿಂದ ಐನೋಟಿಫೈ ಅಂತ ಇದೆ, ಫೋಲ್ಡರಲ್ಲಿ ಏನಾದ್ರೂ ಆದ್ರೆ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೂಗಿ ಹೇಳ್ತದೆ, ಆ ಕೂಗೇ ಇವೆಂಟು. ಹಳೇ ಸ್ಕ್ರಿಪ್ಟು ಕೇಳ್ತಾ ಇದ್ದಿದ್ದು ಕ್ರಿಯೇಟ್ ಇವೆಂಟು, ಅಂದ್ರೆ ಫೈಲ್ ಹುಟ್ಟಿದ ಗಳಿಗೆ, ಒಳಗೆ ಇನ್ನೂ ಒಂದಕ್ಷರ ಇರಲ್ಲ. ಅದಕ್ಕೇ ಹತ್ತು ಸೆಕೆಂಡು ಸ್ಲೀಪ್, ಅಂದ್ರೆ ಸುಮ್ನೆ ಕಾಯೋದು, ಹಾಕಿದ್ರು, ಬೇಸಿಗೇಲಿ ನಡೀತು. ಸ್ಲೀಪ್ ಹಾಕಿದ ಸ್ಕ್ರಿಪ್ಟು ಕಂಡ್ರೆ ನಂಗೆ ಮೊದ್ಲಿಂದ್ಲೂ ಆಗಲ್ಲ.

ಕ್ಲೋಸ್-ರೈಟ್ ಕೇಳಿದ್ರೆ ಸಾಕು ಅಂತಾರೆ ಎಲ್ರೂ, ಬರೆಯೋಕೆ ತೆರೆದವರು ಮುಚ್ಚಿದ್ಮೇಲೇ ಬರೋ ಇವೆಂಟು ಅದು. ಆದ್ರೆ ಲೈನ್ ಹೋದ್ರೆ ಈ ಕಡೆ ಫೈಲ್ ಬರೀತಿದ್ದ ಪ್ರೋಸೆಸ್ಸು ಸಾಯ್ತದೆ, ಕರ್ನಲ್ಲು ಫೈಲನ್ನ ಮುಚ್ಚೇ ಮುಚ್ತದೆ, ಅರ್ಧ ಫೈಲಿಗೂ ಅದೇ ಇವೆಂಟು! ನೆಟ್ ಕೇಬಲ್ ಕಿತ್ತು ನೋಡಿದೆ, ಸ್ವಲ್ಪ ಹೊತ್ತು ಬಿಟ್ಟು ಬಂತು.

ಸರಿ, ಶಾಖೆಯವರು ಪಟ್ಟಿ ಕಳಿಸೋಕೆ ಓಡಿಸೋ ಬ್ಯಾಚ್ ಫೈಲ್ (ಕಂಪ್ಯೂಟರಿಗೆ ಕೊಡೋ ಆದೇಶಗಳ ಪಟ್ಟಿ) ಬದಲಾಯಿಸಿದೆ. ಮೊದ್ಲು ಡಾಟ್ ಪಾರ್ಟ್ ಅನ್ನೋ ಹೆಸ್ರಲ್ಲಿ ಅಪ್‌ಲೋಡು, ಪೂರ್ತಿ ಆದ್ರೆ ಮಾತ್ರ ರೀನೇಮು. ಒಂದೇ ಡಿಸ್ಕ್ ಪಾರ್ಟಿಶನ್ ಒಳಗೆ ರೀನೇಮ್ ಅನ್ನೋದು ಒಂದೇ ಏಟಿಗೆ ಆಗೋ ಕೆಲಸ, ಅರ್ಧಂಬರ್ಧ ಅನ್ನೋದಿಲ್ಲ. ಈಗ ಸ್ಕ್ರಿಪ್ಟು ಕೇಳೋದು ಮೂವ್ಡ್-ಟು ಮಾತ್ರ, ಅಂದ್ರೆ ಫೈಲ್ ಹೊಸ ಹೆಸ್ರಿಗೆ ಬಂದಾಗ ಆಗೋ ಇವೆಂಟು. ಆರ್‌ಸಿಂಕ್ ಅನ್ನೋ ಫೈಲ್ ಕಳಿಸೋ ಪ್ರೋಗ್ರಾಮ್ ಆದ್ರೆ ಈ ರೀನೇಮ್ ಆಟ ತಾನೇ ಆಡ್ತದೆ, ಆದ್ರೆ ಶಾಖೇಲಿ ಇರೋದು ವಿಂಡೋಸು, ಅದರ ಜೊತೆ ಅದು ಬರಲ್ಲ. ಕರೆಂಟ್ ಹೋಗಿ ಸ್ಕ್ರಿಪ್ಟು ಮಲಗಿದ್ದಾಗ ಬಂದಿದ್ದಕ್ಕೆ ಇವೆಂಟೇ ಸಿಗಲ್ಲ, ಹಾಗಾಗಿ ಶುರುವಾದಾಗ ಒಂದ್ಸಲ ಫೋಲ್ಡರೆಲ್ಲ ಗುಡಿಸ್ಕೊಂಡು ಬರೋ ಹಾಗೂ ಮಾಡಿದೆ.

ಇಷ್ಟೆಲ್ಲ ಹೇಳಿದ್ಮೇಲೆ ಯಲ್ಲಾಪುರದ ಲೆಕ್ಕ ಬರಿಯೋರು, "ನಮ್ಮ ರಿಜಿಸ್ಟರಲ್ಲಿ ಕೊನೇ ಸಾಲಲ್ಲಿ ಒಟ್ಟು ಲಾಟು, ಒಟ್ಟು ತೂಕ ಬರೀತೀವಲ್ಲ, ಫೈಲಿಗೂ ಅದೇ ಹಾಕಿದ್ರೆ ಆಗ್ತಿರ್ಲಿಲ್ವಾ" ಅಂದ್ರು. ಅದನ್ನೂ ಹಾಕಿದೀನಿ. ಟೋಟಲ್ ಹೊಂದದಿದ್ರೆ ಎಸ್ಸೆಮ್ಮೆಸ್ ರೈತರಿಗೆ ಹೋಗಲ್ಲ, ಅವರಿಗೇ ಹೋಗ್ತದೆ.